ಅಪ್ಪ ಹಾಕಿದ ಗಟ್

ಗೆದ್ದರೆ ನಿದ್ದೆ ಹೋಗುತ್ತದೆ ಎಂದು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಹೆಂಗಸರ ಟೆನಿಸ್ ಟೂರ್ನಿಗಳಲ್ಲಿ ಸೋತವಳಿಗೆ ಮರುದಿನ ಕೆಲಸವಿಲ್ಲ. ಬಟ್ಟೆ ಒಗೆದುಕೊಂಡು, ಮಧ್ಯಾಹ್ನದವರೆಗೆ ಮಲಗಿ, ಆಮೇಲೆ ಮುಂದಿನ ಊರಿನ ಬಸ್ಸು ಹಿಡಿಯಬಹುದು. ಗೆದ್ದವಳು ಮಾತ್ರ ಮತ್ತೆ ನಸುಕಿನಲ್ಲೆದ್ದು ಪಾದಕ್ಕೆ ಪಟ್ಟಿ ಸುತ್ತಿಕೊಳ್ಳಬೇಕು. ನಾನು ಐದಾರು ವರ್ಷ ಸೋತು ಸೋತು ಚೆನ್ನಾಗಿ ಮಲಗಿದವಳು. ಇಪ್ಪತ್ತಾರನೆಯ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಗೆಲ್ಲತೊಡಗಿದೆ. ಅದು ನನ್ನ ಬಂಗಾರದಂಥ ವರ್ಷ ಎಂದು ಊರಿನವರು ಈಗಲೂ ಹೇಳುತ್ತಾರೆ. ನನಗೆ ಆ ವರ್ಷ ನೆನಪಾದರೆ ಮೊದಲು ಆಕಳಿಕೆ ಬರುತ್ತದೆ.

ನಮ್ಮದು ಬನಹಟ್ಟಿ. ಮುಂದಿನ ಕೋಣೆಯಲ್ಲಿ ಅಪ್ಪನ ಎರಡು ಪವರ್‌ಲೂಮ್ ಮಗ್ಗ, ಹಿಂದಿನ ಕೋಣೆಯಲ್ಲಿ ನಾವು. ಆ ಸದ್ದಿನಲ್ಲೇ ಬೆಳೆದದ್ದರಿಂದ ನಮ್ಮ ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದು. ಪರದೇಶದ ಹೋಟೆಲಿನಿಂದ ನಾನು ಮನೆಗೆ ಫೋನು ಹಚ್ಚಿದರೆ ಪಕ್ಕದ ಕೋಣೆಯವರು ಗೋಡೆ ಬಡಿಯುತ್ತಿದ್ದರು. ಟೆನಿಸ್ ಕಲಿತದ್ದು ಜಮಖಂಡಿಯಲ್ಲಿ, ಸಂಸ್ಥಾನದ ಕಾಲದಿಂದ ಹೇಗೋ ಉಳಿದುಕೊಂಡ ಒಂದು ಕೋರ್ಟಿನಲ್ಲಿ. ಅಪ್ಪ ಬೆಳಿಗ್ಗೆ ಬೈಕಿನ ಮೇಲೆ ಅಲ್ಲಿಗೆ ಬಿಟ್ಟು, ಮಗ್ಗ ನಿಂತಿರಬಾರದೆಂದು ತಿರುಗಿ ಓಡುತ್ತಿದ್ದ. ಟೆನಿಸ್‌ನಲ್ಲಿ ಅಂಕ ಹೇಗೆ ಲೆಕ್ಕ ಹಾಕುತ್ತಾರೆಂಬುದು ಅವನಿಗೆ ಇವತ್ತಿಗೂ ಪೂರ್ತಿ ತಿಳಿದಿಲ್ಲ. ಗೆದ್ದೆಯೋ ಸೋತೆಯೋ ಅಷ್ಟು ಹೇಳು ಅನ್ನುತ್ತಾನೆ.

ರಾಕೆಟ್ಟಿಗೆ ಹೆಣೆಯುವ ದಾರಕ್ಕೆ ನಾವು ಗಟ್ ಅನ್ನುತ್ತೇವೆ. ಅದು ಹರಿದರೆ ಬೆಳಗಾವಿಗೆ ಹೋಗಬೇಕು, ಒಂದು ಇಡೀ ದಿನ ಹಾಳು. ಹಾಗಾಗಿ ನನಗೆ ಹದಿನಾಲ್ಕು ವರ್ಷವಿದ್ದಾಗ ಅಪ್ಪ ಅಲ್ಲಿಂದ ಒಂದು ಹಳೆಯ ಗಟ್ ಹಾಕುವ ಯಂತ್ರವನ್ನೇ ಹೊತ್ತು ತಂದ. ಕೈಯಿಂದ ನಡೆಯುವಂಥದ್ದು. ಒಂದು ಉದ್ದನೆಯ ಸರಳು, ಅದರ ಮೇಲೆ ಹಿಂದೆ ಮುಂದೆ ಸರಿಯುವ ಒಂದು ತೂಕದ ಗುಂಡು. ಗುಂಡು ಎಷ್ಟು ಆಚೆ ಸರಿಯುತ್ತದೋ ದಾರ ಅಷ್ಟು ಬಿಗಿ. ಕರೆಂಟು ಹೋಗಿ ಮಗ್ಗ ನಿಂತ ಹೊತ್ತಿನಲ್ಲಿ ಅಪ್ಪ ಅದರ ಮುಂದೆ ಕೂರುತ್ತಿದ್ದ. ಉದ್ದಕ್ಕೊಂದು ಎಳೆ, ಅಡ್ಡಕ್ಕೊಂದು ಎಳೆ, ಒಂದರ ಮೇಲೆ, ಒಂದರ ಕೆಳಗೆ. ನೇಕಾರನಿಗೆ ಇದನ್ನು ಯಾರು ಕಲಿಸಬೇಕು?

"ಇದು ಹಾಸು, ಇದು ಹೊಕ್ಕು. ಸೀರಿ ನೇಯೂದಕ್ಕಿಂತ ಹಗೂರ ಐತಿ," ಅಂದ ಮೊದಲ ದಿನವೇ. ಮುಗಿಸಿದ ಮೇಲೆ ರಾಕೆಟ್ಟನ್ನು ಕಿವಿಯ ಹತ್ತಿರ ಹಿಡಿದು ದಾರವನ್ನು ಉಗುರಿನಿಂದ ಮೀಟಿದ. "ಕೇಳು, ಹೆಂಗ ಮಾತಾಡತೈತಿ!"

ಅವನ ಕೈಯ ಅಚ್ಚುಕಟ್ಟನ್ನು ಆಮೇಲೆ ನಾನು ಯಾವ ದೇಶದಲ್ಲೂ ಕಾಣಲಿಲ್ಲ. ಒಂದು ಎಳೆ ಸೊಟ್ಟಗಿರುತ್ತಿರಲಿಲ್ಲ, ಗಂಟು ಕಣ್ಣಿಗೆ ಬೀಳುತ್ತಿರಲಿಲ್ಲ. ತೊಂದರೆ ಇದ್ದದ್ದು ಬಿಗಿಯಲ್ಲಿ. ಇಪ್ಪತ್ತು ತುಂಬುವ ಹೊತ್ತಿಗೆ ನನ್ನ ಬಲಗೈಯ ಮೊಣಕೈ ನೋಯತೊಡಗಿತು. ಮೊದಮೊದಲು ಆಟವಾಡಿದ ದಿನ ಮಾತ್ರ, ಆಮೇಲೆ ತುಂಬಿದ ತಂಬಿಗೆ ಎತ್ತಿದರೂ ನೋವು. ಪುಣೆಯ ವೈದ್ಯರೊಬ್ಬರು ಕೈ ನೋಡುವ ಮೊದಲು ರಾಕೆಟ್ ನೋಡಿದರು. ಇಷ್ಟು ಬಿಗಿ ಬೇಡ, ಐವತ್ತು ಪೌಂಡಿಗಿಂತ ಕೆಳಗೆ ಹಾಕಿಸು ಅಂದರು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವನು ತಕ್ಷಣ ಒಪ್ಪಿದ. ಸರಳಿನ ಮೇಲಿನ ಅಂಕಿಯನ್ನು ಗಟ್ಟಿಯಾಗಿ ಓದಿ ಗುಂಡನ್ನು ಅಲ್ಲೇ ಇಟ್ಟ. ಆಮೇಲೆ, ನನ್ನ ಕಣ್ಣೆದುರೇ, ಅವನ ಹೆಬ್ಬೆರಳು ಗುಂಡನ್ನು ಇಷ್ಟೇ ಇಷ್ಟು ಮುಂದೆ ತಳ್ಳಿತು.

"ಅಪ್ಪಾ, ಗುಂಡು ಮುಂದ ಹೋತು."

"ಎಲ್ಲಿ ಹೋತು? ನೀ ಹೇಳಿದಲ್ಲೇ ಐತಿ ನೋಡು."

ಹಟವಲ್ಲ ಅದು. ಅವನಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ಮಗ್ಗದಲ್ಲಿ ಹಾಸಿನ ನೂಲು ಬರಬರುತ್ತಾ ತಾನೇ ಸಡಿಲಾಗುತ್ತದೆಂದು ಮೊದಲೇ ಒಂದು ಕೂದಲೆಳೆ ಹೆಚ್ಚು ಬಿಗಿ ಇಡುವುದು ಅವನ ರೂಢಿ. ನಲವತ್ತು ವರ್ಷ ಹಾಗೇ ಇಟ್ಟ ಕೈ ಮಗಳ ರಾಕೆಟ್ ಬಂತೆಂದು ಬದಲಾಗುತ್ತದೆಯೇ? ಇನ್ನೊಂದು ಸಲ ಹೇಳಿ ನೋಡಿದೆ. "ಸಡ್ಲ ಹಾಸಿನ್ಯಾಗ ಛಲೋ ಬಟ್ಟಿ ಬರೂದಿಲ್ಲ ಯವ್ವಾ," ಅಂದು ನಕ್ಕ. ಮೂರನೆಯ ಸಲ ಹೇಳಲು ನನಗೆ ಬಾಯಿ ಬರಲಿಲ್ಲ. ನೋವು ಆಟಗಾರರಿಗೆ ಇದ್ದದ್ದೇ ಎಂದು ಅವ್ವ ಎಣ್ಣೆ ತಿಕ್ಕಿದಳು. ನಾನೂ ಹಾಗೇ ಅಂದುಕೊಂಡು, ಅಪ್ಪನೆದುರು ಮತ್ತೆ ನೋವಿನ ಮಾತೆತ್ತದೆ ಆಡಿದೆ, ಸೋತೆ.

ನನಗೆ ಇಪ್ಪತ್ತಾರಾದ ಆ ಗೆಲುವಿನ ವರ್ಷದ ಮೊದಲ ಟೂರ್ನಿ ಪುಣೆಯಲ್ಲೇ ಇತ್ತು. ಪಂದ್ಯದ ದಿನ ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷನ್ನು ಬಲಗೈಯಲ್ಲಿ ಹಿಡಿಯಲು ಆಗಲಿಲ್ಲ. ಹಾಸಿಗೆಯ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಕತ್ತರಿ ತೆಗೆದುಕೊಂಡು ಅಪ್ಪ ಹಾಕಿದ ಗಟ್ಟನ್ನು ಕತ್ತರಿಸಿದೆ. ಒಂದು ರಾಕೆಟ್ ಆಯಿತು, ಎರಡಾಯಿತು, ಆರೂ ಆದವು. ಮೈದಾನದಲ್ಲಿ ಗಟ್ ಹಾಕಲು ಕೂತಿದ್ದವನ ಬಳಿ ಕೊಟ್ಟು ನಲವತ್ತೆಂಟಕ್ಕೆ ಹಾಕು ಅಂದೆ. ಸಂತೆಯ ಹೊತ್ತಿಗೆ ಮೂರು ಮೊಳ ನೇಯ್ದ ಹಾಗೆ, ಪಂದ್ಯದ ಕರೆ ಬರುವ ಸ್ವಲ್ಪ ಮುಂಚೆ ಒಂದನ್ನು ಮುಗಿಸಿಕೊಟ್ಟ. ಆ ಪಂದ್ಯ ಗೆದ್ದೆ. ಆ ವಾರ ಪೂರ್ತಿ ಗೆದ್ದೆ.

ಆಮೇಲೆ ನಡೆದದ್ದೆಲ್ಲ ನನಗೆ ಒಂದೇ ಉದ್ದನೆಯ ದಿನದ ಹಾಗೆ ನೆನಪಿದೆ. ಥಾಯ್ಲೆಂಡಿನ ಸೆಕೆ, ಟರ್ಕಿಯ ಗಾಳಿ, ತಾಷ್ಕೆಂಟಿನ ಹೋಟೆಲಿನಲ್ಲಿ ಸಿಂಕಿನೊಳಗೆ ಒಗೆದ ಕಾಲುಚೀಲ. ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಚಟ್ನಿ ತಿಂದು ಮಲಗುವುದು, ಎದ್ದು ಗೆಲ್ಲುವುದು. ಮೂರು ಟೂರ್ನಿ ಗೆದ್ದೆ. ಇನ್ನೆರಡರಲ್ಲಿ ಕೊನೆಯ ಪಂದ್ಯದವರೆಗೆ ಹೋದೆ. ಅಂಪೈರುಗಳು ನನ್ನ ಹೆಸರನ್ನು ಸರಿಯಾಗಿ ಕರೆಯಲು ಕಲಿತರು. ಮೊದಲು ಮುಖ ನೋಡದೆ ಹೋಗುತ್ತಿದ್ದ ಹುಡುಗಿಯರು ಊಟದ ಸಾಲಿನಲ್ಲಿ ನನಗೆ ಜಾಗ ಬಿಟ್ಟರು. ಇಷ್ಟಾದರೂ ನನಗೆ ಬೇಕಿದ್ದದ್ದು ಒಂದು ವಾರದ ನಿದ್ದೆ. ಖುಷಿಪಡುವುದಕ್ಕೂ ಒಂದಿಷ್ಟು ಶಕ್ತಿ ಉಳಿದಿರಬೇಕಾಗುತ್ತದೆ.

ನಡುನಡುವೆ ಮನೆಗೆ ಬಂದಾಗಲೆಲ್ಲ ಅಪ್ಪ ಆರೂ ರಾಕೆಟ್ಟಿಗೆ ಹೊಸ ಗಟ್ ಹಾಕಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಕೊಡುತ್ತಿದ್ದ. ನಾನು ಅವನ್ನು ವಿಮಾನದಲ್ಲಿ ಹೊತ್ತುಕೊಂಡು ಹೋಗಿ, ಹೋಟೆಲಿನ ಬಾಗಿಲು ಹಾಕಿ, ಗಟ್ಟನ್ನೆಲ್ಲ ಕತ್ತರಿಸುತ್ತಿದ್ದೆ. ಪ್ರತಿ ಎಳೆಯೂ ಟಪ್ ಎಂದು ಹರಿಯುತ್ತಿತ್ತು. ಕಳ್ಳತನ ಮಾಡಿದವಳ ಹಾಗೆ ತುಂಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊರಗಿನ ಕಸದ ಡಬ್ಬಿಗೆ ಹಾಕಿ ಬರುತ್ತಿದ್ದೆ. ಗೆದ್ದ ಸಂಜೆ ಫೋನಿನಲ್ಲಿ ಅಪ್ಪನ ಮೊದಲ ಮಾತು ಒಂದೇ.

"ಗಟ್ ಹೆಂಗೈತಿ?"

"ಛಲೋ ಐತಿ ಅಪ್ಪಾ."

ಆಟಕ್ಕಿಂತ ಆ ಎರಡು ಮಾತೇ ನನ್ನನ್ನು ಹೆಚ್ಚು ದಣಿಸುತ್ತಿದ್ದವು. ಆದರೂ ಗೆಲ್ಲುತ್ತಿದ್ದೇನಲ್ಲ, ಅವನೂ ಹಿಗ್ಗುತ್ತಿದ್ದಾನಲ್ಲ, ಇದರಿಂದ ಯಾರಿಗೇನು ನಷ್ಟ ಎಂದು ಸಮಾಧಾನ ಮಾಡಿಕೊಂಡೆ. ಇಂಥ ಜಾಣತನಕ್ಕೆ ನಮ್ಮಲ್ಲಿ ಕೊರತೆಯಿಲ್ಲ.

ವರ್ಷದ ನಡುವೆ ಪತ್ರಿಕೆಯವರು ಅಪ್ಪನನ್ನು ಮಾತಾಡಿಸಿದರು. ನೇಕಾರ ಅಪ್ಪ ಮಗ್ಗದ ಪಕ್ಕದಲ್ಲೇ ಮಗಳ ರಾಕೆಟ್ ಹೆಣೆಯುತ್ತಾನೆ, ಮಗಳು ಪರದೇಶದಲ್ಲಿ ಗೆಲ್ಲುತ್ತಾಳೆ. ಅವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಎಲ್ಲಿ ಸಿಗಬೇಕು? ಅಲ್ಲಿಂದ ಮುಂದೆ ಮುಧೋಳದಿಂದ, ಬೀಳಗಿಯಿಂದ ಜನ ಮಕ್ಕಳ ರಾಕೆಟ್ ಹಿಡಿದು ನಮ್ಮ ಮನೆಗೆ ಬರತೊಡಗಿದರು ಎಂದು ಅವ್ವ ಫೋನಿನಲ್ಲಿ ಹೇಳಿದಳು. ನಾನು ಆಗ ವಿಮಾನ ನಿಲ್ದಾಣದಲ್ಲಿ ನೆಲದ ಮೇಲೆ ಕೂತು ತೂಕಡಿಸುತ್ತಿದ್ದೆ. ಹೂಂ ಅಂದೆ. ಅದರ ಅರ್ಥ ತಲೆಗೆ ಹೋಗಲಿಲ್ಲ.

ಚಳಿಗಾಲದ ಬಿಡುವಿಗೆ ಊರಿಗೆ ಬಂದೆ. ಮೂರು ದಿನ ಮಲಗಿದೆ. ನಾಲ್ಕನೆಯ ದಿನ ಓಣಿಯ ಹಿರಿಯರು ಸೇರಿ ಸತ್ಕಾರ ಇಟ್ಟುಕೊಂಡಿದ್ದರು. ಅನಗವಾಡಿಯಿಂದ ಸೋದರತ್ತೆ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ನನಗೆ ಒಂದು ಶಾಲು ಹೊದಿಸಿ, ಅಪ್ಪನಿಗೆ ಶಾಲಿನ ಜೊತೆ ತಲೆಗೆ ರುಮಾಲನ್ನೂ ಸುತ್ತಿದರು. ಭಾಷಣ ಮಾಡಿದವರು, "ಆಟ ಮಗಳದ ಇರಬಹುದರಿ, ಬಿಗಿ ಮಾತ್ರ ಬನಹಟ್ಟೀದು!" ಅಂದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಅಪ್ಪ ಕೈ ಮುಗಿದು ತಲೆ ತಗ್ಗಿಸಿ ಕೂತಿದ್ದ. ಅವನ ಕಿವಿಯ ತುದಿಗಳು ಕೆಂಪಾಗಿದ್ದವು. ಅವನು ಅಷ್ಟು ಸಂತೋಷವಾಗಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ನನಗೆ ಎದ್ದು ಓಡಿಹೋಗಬೇಕೆನಿಸಿತು.

ಆ ಭಾನುವಾರ ಜಮಖಂಡಿಯಲ್ಲಿ ಮಕ್ಕಳಿಗೆ ಒಂದು ದಿನ ಕಲಿಸಿಕೊಡಿ ಎಂದು ಕರೆದಿದ್ದರು. ಹತ್ತು ಹನ್ನೆರಡು ಮಕ್ಕಳು. ಅವರಲ್ಲಿ ಮುಧೋಳದಿಂದ ಬಂದ ಹುಡುಗಿಯೊಬ್ಬಳು, ಹನ್ನೊಂದು ವರ್ಷದವಳು. ಚೆಂಡಿನ ಮೇಲೆ ಅವಳಷ್ಟು ನೆಟ್ಟಗೆ ಕಣ್ಣಿಟ್ಟವರು ಅಲ್ಲಿ ಬೇರೆ ಯಾರೂ ಇರಲಿಲ್ಲ. ಆದರೆ ಪ್ರತಿ ಹೊಡೆತದ ನಂತರ ಬಲಗೈಯನ್ನು ಒಮ್ಮೆ ಕೆಳಗೆ ಬಿಟ್ಟು ಕೊಡವುತ್ತಿದ್ದಳು. ಮೊಣಕೈಗೆ ಎಲಾಸ್ಟಿಕ್ ಪಟ್ಟಿ ಹಾಕಿದ್ದಳು. ಅವಳ ರಾಕೆಟ್ ತೆಗೆದುಕೊಂಡು ದಾರದ ಮೇಲೆ ಅಂಗೈ ಒತ್ತಿದೆ. ಹಲಗೆಯಷ್ಟು ಗಟ್ಟಿಯಾಗಿತ್ತು. ಒಂದು ಎಳೆಯೂ ಸೊಟ್ಟಗಿರಲಿಲ್ಲ, ಗಂಟು ಎಲ್ಲಿದೆ ಎಂದು ಹುಡುಕಬೇಕಾಗಿತ್ತು.

ಬೇಲಿಯ ಹತ್ತಿರ ನಿಂತಿದ್ದ ಅವಳ ಅಪ್ಪ ನಗುತ್ತ ಬಂದರು. "ನಿಮ್ಮ ಅಪ್ಪಾರ ಹಾಕಿದ್ದರಿ ಅಕ್ಕಾರ. ನಿಮಗ ಹಾಕಿದಂಗ ಹಾಕ್ರಿ ಅಂತ ಹೇಳಿದ್ದೆ. ನಾಕು ತಿಂಗಳಾತು."

"ಕೈ ಯಾವಾಗಿಂದ ನೋಯಾಕತ್ತೈತ್ರಿ ಈಕಿಗೆ?"

"ಅದೂ ಮೂರು ತಿಂಗಳಾತ್ರಿ. ನಾ ಹೇಳೇನಿ, ಅಕ್ಕಾರು ಇದರಾಗ ಆಡಿ ದೇಶ ದೇಶ ಗೆದ್ದ ಬಂದಾರ, ನೀ ಸುಮ್ನ ಆಡು ಅಂತ."

ಆ ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಇವತ್ತು ಆಟ ಸಾಕು ಎಂದು ಅವಳನ್ನು ನೆರಳಿನಲ್ಲಿ ಕೂರಿಸಿದೆ. ಮಕ್ಕಳಿಗೆ ಇಷ್ಟು ಬಿಗಿ ಆಗುವುದಿಲ್ಲ, ವೈದ್ಯರಿಗೆ ತೋರಿಸಿ, ಅಲ್ಲಿಯವರೆಗೆ ರಾಕೆಟ್ ಮುಟ್ಟಿಸಬೇಡಿ ಎಂದು ಅವಳ ಅಪ್ಪನಿಗೆ ಹೇಳಿದೆ. "ಮತ್ತ ನೀವು ಹೆಂಗ ಆಡಿದ್ರಿ ಅಕ್ಕಾರ?" ಎಂದು ಅವರು ಕೇಳಿದರು. ಕುಹಕವಿರಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದರು. ನಾನು ಚೆಂಡು ಆರಿಸಲು ಹೋದೆ.

ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಪ್ರಾಣ ಹೋಗುತ್ತದೆ ಅನ್ನುತ್ತಾರಲ್ಲ, ಇಲ್ಲಿ ಹೋಗುವ ಮಾನ ಅಪ್ಪನದು, ಹೋಗುವ ಕೈ ಯಾರದೋ ಕೂಸಿನದು. ನಮ್ಮ ಮನೆಗೆ ಇನ್ನೂ ಎಷ್ಟು ಜನ ರಾಕೆಟ್ ಹಿಡಿದು ಬಂದು ಹೋಗಿದ್ದಾರೋ. ಬನಹಟ್ಟಿಯ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಮಾತುಗಳನ್ನು ಜೋಡಿಸಿಕೊಂಡೆ. ನಾನು ಗೆದ್ದದ್ದು ಬೇರೆಯವರ ಗಟ್ಟಿನಲ್ಲಿ ಎಂದು ತಿಳಿದರೆ ಅವನು ಹೇಗೆ ತಡೆದುಕೊಂಡಾನು, ಅವನನ್ನು ಹೇಗೆ ಸಮಾಧಾನ ಮಾಡಲಿ ಎಂಬುದಕ್ಕೇ ದಾರಿ ಪೂರ್ತಿ ಹೋಯಿತು.

ಅಪ್ಪ ಮಗ್ಗದ ಮುಂದೆ ನಿಂತಿದ್ದ. ಎರಡೂ ಮಗ್ಗ ಓಡುತ್ತಿದ್ದವು. ಆ ಸದ್ದಿನಲ್ಲೇ, ಕೂಗಿಯೇ ಹೇಳಿದೆ. ಹುಡುಗಿಯ ಕೈ, ಪುಣೆಯ ಕತ್ತರಿ, ಕಸದ ಡಬ್ಬಿ, ಎಲ್ಲವನ್ನೂ. ಅವನು ಕೈ ಚಾಚಿ ಒಂದು ಮಗ್ಗ ನಿಲ್ಲಿಸಿದ, ಆಮೇಲೆ ಇನ್ನೊಂದನ್ನೂ. ಕರೆಂಟು ಇರುವಾಗ ಅವನು ಎರಡನ್ನೂ ನಿಲ್ಲಿಸಿದ್ದನ್ನು ನಾನು ನೋಡಿದ್ದಿಲ್ಲ.

ಆ ಗೆದ್ದ ವರ್ಷದ ಬಗ್ಗೆ ಅವನು ಒಂದು ಮಾತೂ ಕೇಳಲಿಲ್ಲ.

"ಅದಕ್ಕಿಂತ ಮದಲ?" ಅಂದ.

"ಯಾವದಕ್ಕ?"

"ಪುಣೇಕ್ಕಿಂತ ಮದಲ. ಆವಾಗೆಲ್ಲಾ ನಾ ಹಾಕಿದ್ದರಾಗ ಆಡೀದಿ. ಆವಾಗೂ ನೋಯತಿತ್ತೇನ?"

ಇದಕ್ಕೆ ನಾನು ಬಸ್ಸಿನಲ್ಲಿ ಏನೂ ಜೋಡಿಸಿಕೊಂಡಿರಲಿಲ್ಲ. ಇನ್ನೊಂದು ಸುಳ್ಳು ಹೇಳಬಹುದಿತ್ತು, ಆದರೆ ಸುಳ್ಳಿಗೂ ದಣಿದಿದ್ದೆ.

"ಹೂಂ."

"ಎಷ್ಟ ವರ್ಷ?"

"ಆರು."

"ಎರಡ ಸಲ ಹೇಳಿ ಬಿಟ್ಟಿ. ಮತ್ತ ಯಾಕ ಹೇಳಲಿಲ್ಲ?"

"ಹಂಗ ಬಿಟ್ಟಬಿಟ್ಟೆ ಅಪ್ಪಾ," ಅಂದೆ. ಅದು ಉತ್ತರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವನು ಒಳಗೆ ಹೋಗಿ, ರಾಕೆಟ್ ತಂದವರ ಊರು ಓಣಿಗಳನ್ನು ಅವ್ವನಿಂದ ಒಂದೊಂದಾಗಿ ಕೇಳಿ ನೆನಪು ಮಾಡಿಕೊಂಡ.

ಮರುದಿನ ಮೊದಲ ಬಸ್ಸಿಗೆ ಮುಧೋಳಕ್ಕೆ ಹೋದ. ನಾನೂ ಬರುತ್ತೇನೆ ಅಂದದ್ದಕ್ಕೆ ಬೇಡ ಅಂದ. ಸಂಜೆ ಬಂದಾಗ ಅವನ ಕೈಯಲ್ಲಿ ಆ ಹುಡುಗಿಯ ಎರಡು ರಾಕೆಟ್ ಇದ್ದವು, ಗಟ್ ಇರಲಿಲ್ಲ. ಅವರ ಮನೆಯಲ್ಲೇ, ಅವರೆದುರೇ ಕೂತು ತನ್ನ ಕೈಯಾರೆ ಕತ್ತರಿಸಿ ಬಂದಿದ್ದ. ತಪ್ಪು ನನ್ನದು ಎಂದು ಆ ಹುಡುಗಿಯ ಅಪ್ಪನಿಗೆ ಹೇಳಿದನಂತೆ. ಅವ್ವ ತಾಟು ಹಾಕಿದಳು. ಅರ್ಧ ಊಟವಾದ ಮೇಲೆ ಅಪ್ಪ, ಮಗ್ಗ ನಿಂತಿದ್ದ ಮನೆಯಲ್ಲಿ, ತೀರಾ ಸಣ್ಣ ದನಿಯಲ್ಲಿ ಹೇಳಿದ.

"ಆ ಕೂಸಿಗೆ ಕೇಳಿದೆ, ಅಷ್ಟ ನೋವಾಗತಿತ್ತು ಅಂದ್ರ ನಿಮ್ಮಪ್ಪಗ ಗಟ್ಟಿಯಾಗಿ ಯಾಕ ಹೇಳಲಿಲ್ಲವಾ ಅಂತ."

ನಾನು ತಂಬಿಗೆ ಎತ್ತಿ ಅವನ ಲೋಟಕ್ಕೆ ನೀರು ಹಾಕಿದೆ.

"ನಮ್ಮಪ್ಪಗ ಬ್ಯಾಸರ ಆಗತೈತಿ ಅಂದ್ಲು. ಹನ್ನೊಂದು ವರ್ಷದ ಕೂಸು."

ಅವ್ವ ಇನ್ನೊಂದು ರೊಟ್ಟಿ ಹಾಕಲು ಬಾಗಿದಳು. ಅಪ್ಪ ಸಾಕೆಂದು ತಾಟಿನ ಮೇಲೆ ಕೈ ಅಡ್ಡ ಹಿಡಿದ, ಹಿಡಿದ ಕೈಯನ್ನು ಬಹಳ ಹೊತ್ತು ತೆಗೆಯಲೇ ಇಲ್ಲ.