ನೂಲೆಳೆ ತೂರದ ಚಿಲಕ

ನಮ್ಮ ದೊಡ್ಡಪ್ಪ ನಲವತ್ತು ವರ್ಷ ಚಿಲಕ ಮಾಡಿದರು. ಕಿಟಕಿಯದಿರಲಿ, ಗೇಟಿನದಿರಲಿ, ಬೇಕರಿ ಒಲೆಯ ಬಾಗಿಲಿನದಿರಲಿ, ಅವರ ಕೈಯ ಚಿಲಕ ಒಂದು ಬೆರಳಿಗೆ ತೆರೆದುಕೊಳ್ಳುತ್ತಿತ್ತು, ಆನೆ ಒದ್ದರೂ ಬಿಚ್ಚುತ್ತಿರಲಿಲ್ಲ. ಅವರ ನಾಲಿಗೆ ಮಾತ್ರ ಕಬ್ಬಿಣ ಉಜ್ಜುವ ಅರದಂಥದ್ದು, ತಾಗಿದವರ ಚರ್ಮ ಸುಲಿಯದೆ ಬಿಡುತ್ತಿರಲಿಲ್ಲ. ಅವರ ಅಂಗಡಿಯ ಡ್ರಿಲ್ಲಿಂಗ್ ಮಷೀನಿನ ಮುಂದೆ ನಾನು ಹನ್ನೊಂದು ವರ್ಷ ನಿಂತೆ. ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. ಸೇರಿದ ಹೊಸದರಲ್ಲಿ ಒಂದು ತೂತು ವಾರೆಯಾಯಿತು, ಅಂದಿನಿಂದ ನಾನು 'ವಾರೆಕೈ'.

ಅವರ ಬಾಯಿಗೆ ಹೆಚ್ಚು ಸಿಕ್ಕಿದವನು ಅಳಿಯ, ನಮ್ಮ ಭಾವ. ಭಾವ ದರ್ಜಿ. ದೊಡ್ಡಪ್ಪನ ಮಗಳು, ನಮ್ಮಕ್ಕ, ತಾನೇ ಮೆಚ್ಚಿ ಮದುವೆಯಾದದ್ದು. ಅವನು ಅಂಗಡಿಯ ಮೆಟ್ಟಿಲು ಹತ್ತಿದರೆ ಸಾಕು, ದೊಡ್ಡಪ್ಪ ಗಿರಾಕಿಗಳ ಎದುರಿಗೇ ಶುರು ಮಾಡುತ್ತಿದ್ದರು.

"ಓಹೋ, ದರ್ಜಿ ಸಾಹೇಬ್ರು! ಕಬ್ಬಿಣಕ್ಕೆ ಕಾಜಾ ಹೊಲಿಯೋಕೆ ಬಂದ್ರಾ?"

ಭಾವ ನಕ್ಕುಬಿಡುತ್ತಿದ್ದ. ಎಂಟು ವರ್ಷ ಹಾಗೇ ನಕ್ಕ.

ಜನ ರೆಡಿಮೇಡ್ ಬಟ್ಟೆಗೆ ಹೋದ ಮೇಲೆ ಹೊಲಿಗೆ ಕಡಿಮೆಯಾಯಿತು. ಭಾನುವಾರಗಳಂದು ತನ್ನ ಹೊಲಿಗೆ ಅಂಗಡಿ ಮುಂದೆ ಹೊಗೆಯಲ್ಲಿ ಬೇಯಿಸಿದ ಮಾಂಸ ಮಾರೋಣವೆಂದು ಭಾವ ಯೋಚಿಸಿದ. ಹಳೆಯ ಎಣ್ಣೆ ಡ್ರಮ್ಮೊಂದನ್ನು ಅಡ್ಡ ಮಲಗಿಸಿ, ಅದರ ಪಕ್ಕಕ್ಕೆ ಸೌದೆ ಉರಿಸಲು ದಪ್ಪ ತಗಡಿನ ಪೆಟ್ಟಿಗೆಯೊಂದನ್ನು ವೆಲ್ಡ್ ಮಾಡಿಸಿಕೊಂಡ. ಆ ಪೆಟ್ಟಿಗೆಯ ಬಾಗಿಲಿಗೆ ಮೇಲೊಂದು ಕೆಳಗೊಂದು ಚಿಲಕ ಬಾಕಿ ಇತ್ತು. ಅದನ್ನು ಮಾವನ ಅಂಗಡಿಯಲ್ಲೇ, ತನ್ನ ಕೈಯಾರೆ ಮಾಡುತ್ತೇನೆಂದು ಹಟ ಹಿಡಿದ. ಅವನಿಗೆ ಬೇಕಾಗಿದ್ದದ್ದು ಚಿಲಕವಲ್ಲ, ಮಾವನ ಬಾಯಿಂದ ಒಂದು ಒಳ್ಳೆಯ ಮಾತು.

"ಒಂದು ಮೂಲೇಲಿ ಕೂತು ಮಾಡ್ಕೋತೀನಿ ಮಾವ. ತೊಂದರೆ ಕೊಡಲ್ಲ."

"ಮಾಡಿ, ಮಾಡಿ. ನಗೋಕೆ ನಮಗೂ ಏನಾದ್ರೂ ಬೇಕಲ್ಲ."

ಮೊದಲ ಜೋಡಿಯನ್ನು ದೊಡ್ಡಪ್ಪ ನೋಡದೆಯೇ ಗುಜರಿ ಡಬ್ಬಕ್ಕೆ ಎಸೆದರು. ಎರಡನೆಯದನ್ನು ಗಿರಾಕಿಯೊಬ್ಬನ ಮುಂದೆ ಎತ್ತಿ ಹಿಡಿದು, "ಇದು ಚಿಲಕನೋ, ಇಲಿ ಬಾಲನೋ?" ಎಂದು ಕೇಳಿದರು. ಭಾವ ಬೆರಳಿಗೆಲ್ಲ ಬಟ್ಟೆ ಚೂರು ಸುತ್ತಿಕೊಂಡು ಮೂರನೇ ಜೋಡಿಗೆ ಕೂತ. ನಾಲ್ಕು ದಿನ ಬರೀ ಅರ ಉಜ್ಜಿದ. ದರ್ಜಿಯ ಕಣ್ಣಲ್ಲವೇ, ಚಿಲಕದ ಪಟ್ಟಿ ಕೊಂಡಿಯೊಳಗೆ ಅಳತೆಗೆ ಹೊಲಿದ ತೋಳಿನ ಹಾಗೆ ಕೂತಿತು. ಜೇಬಿನಿಂದ ನೂಲೆಳೆ ತೆಗೆದು ಸಂದಿಗೆ ತೂರಿಸಲು ನೋಡಿದ, ತೂರಲಿಲ್ಲ. ಹೆಮ್ಮೆಯಿಂದ ಮಾವನ ಕೈಗೆ ಕೊಟ್ಟ.

ದೊಡ್ಡಪ್ಪ ಕನ್ನಡಕ ಏರಿಸಿ ತಿರುಗಿಸಿ ನೋಡಿದರು. ಹಾಕಿದರು, ತೆಗೆದರು. ಡಬ್ಬದ ಸದ್ದಿಗಾಗಿ ನಾನು ಕಾದೆ.

"ಚೆನ್ನಾಗಿದೆ. ಇದನ್ನೇ ಹಾಕಿ," ಅಂದರು.

ಭಾವನ ಕಣ್ಣು ತುಂಬಿತು. ಚಿಲಕಗಳನ್ನು ಕರ್ಚೀಫಿನಲ್ಲಿ ಸುತ್ತಿ, ಮೊಟ್ಟೆ ಹಿಡಿದವನಂತೆ ಮನೆಗೆ ಒಯ್ದ.

ಅವನು ತಿರುವು ದಾಟಿದ್ದೇ ದೊಡ್ಡಪ್ಪ ಹೊಟ್ಟೆ ಹಿಡಿದು ನಕ್ಕರು. "ಏ ವಾರೆಕೈ, ಅದರಲ್ಲಿ ಏನು ತಪ್ಪಿದೆ ಹೇಳೇ."

ನನಗೆ ಆಗಲೇ ಕಂಡಿತ್ತು. ಬೆಂಕಿಯ ಬಾಗಿಲಿನ ಚಿಲಕಕ್ಕೆ ನಾಣ್ಯದ ದಪ್ಪದಷ್ಟು ಸಂದು ಬಿಡಬೇಕು. ಇಲ್ಲದಿದ್ದರೆ ಕಾದ ಪಟ್ಟಿ ಹಿಗ್ಗಿ ಕೊಂಡಿಯನ್ನು ಕಚ್ಚಿಕೊಳ್ಳುತ್ತದೆ.

"ಹೇಳಬಹುದಿತ್ತಲ್ಲ ದೊಡ್ಡಪ್ಪ?"

"ಭಾನುವಾರ ಬೆಂಕೀನೇ ಹೇಳುತ್ತೆ. ನೀನು ಬಾಯಿ ಮುಚ್ಕೊಂಡಿರು."

ಭಾನುವಾರಕ್ಕೆ ಇನ್ನೂ ಮೂರು ದಿನವಿತ್ತು. ಅಕ್ಕನ ಮನೆ ನಮ್ಮ ಮನೆಯಿಂದ ನಾಲ್ಕನೆಯದು. ನಾನು ಹೇಳಲಿಲ್ಲ. ದೊಡ್ಡಪ್ಪನ ಹೆದರಿಕೆ ಅಂತ ಆಗ ಅಂದುಕೊಂಡೆ. ನಿಜ ಹೇಳಬೇಕೆಂದರೆ, ಒಂದು ದಿನವಾದರೂ ನನ್ನನ್ನು ಬಿಟ್ಟು ಇನ್ನೊಬ್ಬರನ್ನು ನೋಡಿ ಎಲ್ಲರೂ ನಗಲಿ ಅಂತಿತ್ತು.

ಭಾನುವಾರ ಮಧ್ಯಾಹ್ನ ಇಪ್ಪತ್ತು ಜನ ಸೇರಿದ್ದರು. ದೊಡ್ಡಪ್ಪ ಇಸ್ತ್ರಿ ಶರ್ಟು ತೊಟ್ಟು ಮುಂದಿನ ಕುರ್ಚಿ ಹಿಡಿದರು. ಹಿಗ್ಗಿನಲ್ಲಿ ಭಾವ ಸೌದೆ ಜಾಸ್ತಿ ತುಂಬಿಬಿಟ್ಟಿದ್ದ. ಸ್ವಲ್ಪ ಹೊತ್ತಿಗೆ ಮಾಂಸ ಸೀಯುವ ವಾಸನೆ ಬಂತು. ಸೌದೆ ಹೊರಗೆಳೆಯಲು ಚಿಲಕಕ್ಕೆ ಕೈ ಹಾಕಿದರೆ ಎರಡೂ ಕದಲಲಿಲ್ಲ. ಯಾರೋ ಕಿಸಕ್ಕೆಂದರು. ಸುತ್ತಿಗೆಯಿಂದ ಹೊಡೆದಾಗ ಮೇಲಿನದು ಬಿಟ್ಟಿತು, ಕೆಳಗಿನದು ಬಿಡಲಿಲ್ಲ. ಭಾವ ಒದ್ದೆ ಗೋಣಿ ಸುತ್ತಿ, ಕಾಲು ಊರಿ, ಜಗ್ಗಿದ. ಅದು ಒಮ್ಮೆಲೇ ಬಿಟ್ಟುಕೊಂಡಿತು. ಬಾಗಿಲು ಹಾರಿ ತೆರೆಯಿತು, ಜೋಲಿ ತಪ್ಪಿದ ಭಾವ ಬಲ ಅಂಗೈಯನ್ನು ಕೆಂಪಗೆ ಕಾದ ಬಾಗಿಲಿನ ಒಳಮೈಗೇ ಊರಿದ. ಕೈ ಎತ್ತಿದಾಗ ಅಂಗೈಯ ಚರ್ಮ ಅಲ್ಲೇ ಉಳಿದಿತ್ತು.

ಅಕ್ಕ ಕೊಡದಿಂದ ಅವನ ಕೈಗೆ ನೀರು ಸುರಿಯುತ್ತಿದ್ದಳು. ದೊಡ್ಡಪ್ಪ ಎದ್ದು ನಿಂತು ಎಲ್ಲರಿಗೂ ಕೇಳುವಂತೆ, "ಕಬ್ಬಿಣ ಕಾದ್ರೆ ಹಿಗ್ಗುತ್ತೆ. ಸ್ಕೂಲ್ ಮಕ್ಕಳಿಗೂ ಗೊತ್ತು," ಅಂದರು.

ಅಕ್ಕ ತಲೆ ಎತ್ತಿದಳು. "ನಿಂಗೆ ಗೊತ್ತಿತ್ತಾ ಅಪ್ಪ?"

"ನೋಡಿದ ಕೂಡಲೇ."

"ಗೊತ್ತಿದ್ದೂ ಚೆನ್ನಾಗಿದೆ ಅಂದ್ಯಾ? ಮೂರು ದಿನ ಊಟ ಮಾಡುವಾಗೆಲ್ಲ ಇವ್ರು ಅದನ್ನೇ ಹೇಳ್ಕೊಂಡು ಕುಣಿದ್ರಲ್ಲೋ ಅಪ್ಪ!"

"ಹೇಳಿದ್ರೆ ಯಾರು ಕಲೀತಾರೆ? ಕೈ ಸುಟ್ಕೊಂಡ್ರೇನೇ ಕಲಿಯೋದು."

ಅವಳ ನೋಟ ನನ್ನ ಕಡೆ ತಿರುಗಿತು. "ನಿಂಗೂ ಗೊತ್ತಿತ್ತೇನೆ?"

ನಾನು ನನ್ನ ಚಪ್ಪಲಿ ನೋಡಿಕೊಂಡೆ.

ಗಾಯ ಮಾಯಲು ನಾಲ್ಕು ತಿಂಗಳು ಹಿಡಿಯಿತು. ಹೆಬ್ಬೆರಳು, ತೋರುಬೆರಳು ಅಂಗೈಗೆ ಮುದುಡಿ ಅಂಟಿಕೊಂಡವು. ಕತ್ತರಿಯ ಹಿಡಿಯೊಳಗೆ ಬೆರಳು ಹೋಗುತ್ತಿರಲಿಲ್ಲ. ಹೊಲಿಗೆ ಮಷೀನಿಗೆ ಅಕ್ಕ ಕೂತಳು. ಭಾವ ಪಕ್ಕದಲ್ಲಿ ಕೂತು ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಗೆರೆ ಎಳೆದುಕೊಡುತ್ತಿದ್ದ.

ದೊಡ್ಡಪ್ಪ ಒಂದು ವಾರ ಬೇರೆ ಕೆಲಸ ಬಿಟ್ಟು ಹೊಸ ಜೋಡಿ ಚಿಲಕ ಮಾಡಿದರು. ಬೇಕಾದಷ್ಟೇ ಸಂದು, ಕೈ ಸುಡದಂತೆ ತಂತಿ ಸುರುಳಿಯ ಹಿಡಿ. ಅಂಥ ಕೆಲಸ ನಾನು ಹನ್ನೊಂದು ವರ್ಷದಲ್ಲಿ ಕಂಡಿರಲಿಲ್ಲ. ನನ್ನ ಕೈಯಲ್ಲಿ ಕೊಟ್ಟು ಕಳಿಸಿದರು. ಅಕ್ಕ ಹೊಸ್ತಿಲ ಮೇಲೇ ನಿಂತು, "ಡ್ರಮ್ಮು ಗುಜರಿಗೆ ಹೋಯ್ತು. ನೀನೂ ಹೋಗು," ಎಂದು ಬಾಗಿಲು ಹಾಕಿಕೊಂಡಳು. ವಾಪಸು ತಂದದ್ದನ್ನು ದೊಡ್ಡಪ್ಪ ಒರೆಸಿಟ್ಟು, ಮರುದಿನವೇ ಯಾವುದೋ ಹೋಟೆಲಿನವರಿಗೆ ಮಾರಿದರು.

ವರ್ಷ ಕಳೆದ ಮೇಲೆ ಒಮ್ಮೆ ತಾವೇ ಹೋದರು. ನಾನೂ ಜೊತೆಗಿದ್ದೆ. ಕಿಟಕಿ ತೆರೆದಿತ್ತು. ಅಕ್ಕ ಶರ್ಟಿನ ತೋಳು ಕೂರಿಸುತ್ತಿದ್ದಳು. ನಮ್ಮನ್ನು ಕಂಡಳು, ಆದರೆ ಮಷೀನು ನಿಲ್ಲಿಸಲಿಲ್ಲ. ಭಾವ ಏಳಲು ಹೋದಾಗ ಅವನ ತೊಡೆಯ ಮೇಲೆ ಕೈಯಿಟ್ಟು ಕೂರಿಸಿದಳು. ತೋಳು ಪೂರ್ತಿ ಮುಗಿಯುವ ತನಕ ದೊಡ್ಡಪ್ಪ ಬಿಸಿಲಲ್ಲೇ ನಿಂತಿದ್ದರು. ಅವಳು ಇನ್ನೊಂದು ತೋಳು ಕೈಗೆತ್ತಿಕೊಂಡಳು.

ದೊಡ್ಡಪ್ಪ ತಿರುಗಿ ಹೊರಟರು. ಅಂಗಡಿ ಹತ್ತಿರ ಬಂದ ಮೇಲೆ, "ಹೊಲಿಗೆ ಸೊಟ್ಟಗಿತ್ತು, ನೋಡಿದ್ಯಾ?" ಅಂದರು.