ಕಾಳಿಲ್ಲದೆ ತಿರುಗಿದ ಗಿರಣಿ

ನನ್ನ ಅಪ್ಪನಿಗೆ ಮಾತಾಡುವುದೆಂದರೆ ದಂಡ ಕಟ್ಟಿದ ಹಾಗೆ. ಬನವಾಸಿ ರಸ್ತೆಯ ನಮ್ಮೂರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಆ ಸದ್ದಿನಲ್ಲಿ ಯಾರೇನು ಹೇಳಿದರೂ 'ಹ್ಞೂಂ' ಎನ್ನುವುದೇ ರೂಢಿಯಾಗಿ, ಗಿರಣಿ ನಿಂತ ಮೇಲೂ ಅವನ ಬಾಯಲ್ಲಿ ಉಳಿಯುತ್ತಿದ್ದುದು ಅದೊಂದೇ. ಶಿರಸಿಯ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗಲು ಸಾಲ ಮಾಡಿ ಸ್ಕೂಟಿ ಕೊಳ್ಳುತ್ತೇನೆ ಎಂದು ನಾನು ಹೇಳಿದಾಗಲೂ ಹ್ಞೂಂ ಎಂದ, ಜಾಮೀನಿಗೆ ಸಹಿ ಹಾಕಿದ.

ಕಂತು ನಾನೇ ಕಟ್ಟಬೇಕೆಂದು ಮಾತಾಗಿತ್ತು. ಕಟ್ಟಿದೆ, ಮನಸ್ಸು ಬಂದಾಗ. ಗೆಳತಿಯ ಮದುವೆ, ಹೊಸ ಫೋನು ಎಂದು ಏನಾದರೂ ಅಡ್ಡ ಬಂದ ತಿಂಗಳು ಫೈನಾನ್ಸಿನವರು ಅಪ್ಪನಿಗೆ ಫೋನ್ ಮಾಡುತ್ತಿದ್ದರು. ಅವನು ಹ್ಞೂಂ ಎಂದು, ಹೋಗಿ ತುಂಬಿ ಬರುತ್ತಿದ್ದ. ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ.

ಯುಗಾದಿಗೆ ಮುಂಚೆ ಅಪ್ಪ ಎದೆನೋವು ಬಂದು ತೀರಿಕೊಂಡ. ಮನೆ ಪಕ್ಕದ ಗಿರಣಿಗೆ ಬೀಗ ಬಿತ್ತು, ಮನೆಯಲ್ಲಿ ನಾನು, ಅವ್ವ ಇಬ್ಬರೇ ಉಳಿದೆವು. ಜಾಮೀನುದಾರ ಸತ್ತರೆ ಸಾಲ ಮನ್ನಾ, ಅದಕ್ಕೆ ಇನ್ಶೂರೆನ್ಸ್ ಇರುತ್ತದೆ ಎಂದು ಅಂಗಡಿಯಲ್ಲಿ ಜೊತೆಗಿದ್ದವಳು ಹೇಳಿದಳು. ವಿಚಾರಿಸುವ ಗೋಜಿಗೆ ಹೋಗಲಿಲ್ಲ. ನಂಬಿದರೆ ಲಾಭವಿತ್ತು, ನಂಬಿದೆ. ನಾನು ಸಿಮ್ ಬದಲಾಯಿಸಿದ್ದೆ, ಫೈನಾನ್ಸಿನವರ ಬಳಿ ಇದ್ದದ್ದು ಅಪ್ಪನ ನಂಬರ್ ಮಾತ್ರ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ತಿಂಗಳುಗಳನ್ನು ತಳ್ಳಿದೆ.

ಶ್ರಾವಣದಲ್ಲಿ ವಸೂಲಿಯವನು ಅಂಗಡಿಗೇ ಬಂದ.

"ಎಂತ ಮೇಡಂ, ಕಂತು ಸುಮಾರು ಉಳಿದುಹೋಯ್ತಲ್ಲ. ನಿನ್ನೆ ನಿಮ್ಮಪ್ಪನ ಹತ್ರ ಮಾತಾಡಿದೆ, ಹ್ಞೂಂ ಅಂದ್ರು. ಮೊದ್ಲೆಲ್ಲ ಹ್ಞೂಂ ಅಂದ್ರೆ ಕಟ್ಟಿಬಿಡ್ತಿದ್ರು. ಈಗೀಗ ಬರೀ ಹ್ಞೂಂ ಅಷ್ಟೇ."

ಮಡಚುತ್ತಿದ್ದ ಸೀರೆ ಕೈಯಲ್ಲೇ ನಿಂತಿತು. ಬೇರೆ ಯಾರೋ ಇರಬೇಕು ಎಂದೆ. ಅವನು ಫೋನ್ ತೋರಿಸಿದ. ಅಪ್ಪನದೇ ನಂಬರ್.

"ನಿಮ್ಮಪ್ಪನೇ. ಹಿಂದೆ ಗಿರಣಿ ಸದ್ದೂ ಕೇಳ್ತಿತ್ತು. ಮೊದಲ್ನೇ ರಿಂಗಿಗೆ ಎತ್ತೂದಿಲ್ಲ, ಮತ್ತೊಂದ್ಸಲ ಮಾಡ್ಬೇಕು."

ಅಪ್ಪ ಸತ್ತಿದ್ದಾನೆ ಎನ್ನಲು ನಾಲಿಗೆ ಏಳಲಿಲ್ಲ. ಹಾಗೆಂದರೆ ಅಪ್ಪನಿಗೇ ಕೇಳಿಸೀತೇನೋ ಎಂಬಂಥ ಹುಚ್ಚು ಅಳುಕು. ನಾಳೆ ಮಧ್ಯಾಹ್ನ ಇನ್ನೊಮ್ಮೆ ಮಾಡಿ ನೋಡಿ ಎಂದಷ್ಟೇ ಹೇಳಿ ಕಳಿಸಿದೆ.

ಸಂಜೆ ಮನೆಗೆ ಹೋಗುವಾಗ ನಮ್ಮ ಓಣಿಯ ಅಜ್ಜಿಯೊಬ್ಬಳು ಕೈ ಅಡ್ಡ ಹಿಡಿದು ಸ್ಕೂಟಿ ನಿಲ್ಲಿಸಿದಳು.

"ಗಿರಣಿ ಸುರು ಮಾಡೀರೇನವ್ವಾ? ನಿನ್ನೆ ಸಪ್ಪಳ ಕೇಳಿ ಜ್ವಾಳ ಹೊತಗೊಂಡು ಬಂದ್ನಿ. ಬಾಗ್ಲಾ ಬಡದ್ರ ಒಳಗ ನಿಮ್ಮಪ್ಪ ಹ್ಞೂಂ ಅಂದಂಗಾತು. ಚೀಲ ಅಲ್ಲೇ ಬಿಟ್ಟು ಬಂದ್ನಿ ನೋಡು."

ಆ ರಾತ್ರಿ ನಾನು ಅವ್ವನನ್ನು ಏನೂ ಕೇಳಲಿಲ್ಲ. ಕೇಳಲು ಹೆದರಿಕೆಯಾಗಿತ್ತು.

ಮರುದಿನ ಅರ್ಧ ದಿನ ರಜೆ ಹಾಕಿ, ಸ್ಕೂಟಿಯನ್ನು ದೂರದಲ್ಲೇ ಬಿಟ್ಟು ನಡೆದು ಬಂದೆ. ಮನೆಯೊಳಗೆ ಅಪ್ಪನ ಫೋನು ಬಡಿದುಕೊಂಡು ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಪಕ್ಕದ ಗಿರಣಿ ಗುಡುಗತೊಡಗಿತು. ಹೋಗಿ ಬಾಗಿಲು ತಳ್ಳಿದೆ. ನಡುವೆ ಕಾಳಿಲ್ಲದೆ ಕಲ್ಲಿಗೆ ಕಲ್ಲೇ ಉಜ್ಜಿ ಸುಟ್ಟ ವಾಸನೆ ಬರುತ್ತಿತ್ತು. ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ, ಅಪ್ಪನ ಹಾಗೆಯೇ ಗೋಡೆಗೆ ಒಂದು ಭುಜ ಆನಿಸಿ, ಫೋನು ಕಿವಿಗಿಟ್ಟುಕೊಂಡು ಅವ್ವ ನಿಂತಿದ್ದಳು. ಕೂದಲಿಗೆ, ರೆಪ್ಪೆಗೆ ಹಳೆಯ ಹಿಟ್ಟಿನ ಧೂಳು ಹತ್ತಿತ್ತು.

"ಹ್ಞೂಂ," ಎಂದಳು.

ಅದು ಅಪ್ಪನ ದನಿ. ಅವ್ವನ ಗಂಟಲಲ್ಲಿ ಅಂಥದೊಂದು ಇದೆಯೆಂದು ನನಗೆ ಗೊತ್ತಿರಲಿಲ್ಲ.

ಓಡಿಹೋಗಿ ಮೇನ್ ಸ್ವಿಚ್ ಇಳಿಸಿದೆ. ಕಲ್ಲು ನರಳುತ್ತ ನಿಂತಿತು. ಅವ್ವ ಫೋನು ಬಿಡಲಿಲ್ಲ, ಕಿತ್ತುಕೊಳ್ಳಬೇಕಾಯಿತು.

"ನಾನು ಮಗಳು ಮಾತಾಡೂದು," ಎಂದೆ. "ನಮ್ಮಪ್ಪ ಯುಗಾದಿಗಿಂತ ಮೊದ್ಲ ತೀರಿಕೊಂಡಾರ. ಸಾಲ ನಂದು. ಉಳದಿದ್ದೆಲ್ಲಾ ನಾನ ಕಟ್ತೀನಿ. ಇನ್ನ ಮ್ಯಾಲ ಈ ನಂಬರಿಗೆ ಮಾಡಬ್ಯಾಡ್ರಿ, ನಂದು ಬರಕೊಳ್ರಿ."

ಆ ಕಡೆ ವಸೂಲಿಯವನು ದನಿ ತಗ್ಗಿಸಿದ.

"ಮೇಡಂ, ಹಂಗಾದ್ರೆ ಈಗ ನನ್ನ ಹತ್ರ ಹ್ಞೂಂ ಅಂದಿದ್ದು ಯಾರು?"

ನನ್ನ ನಂಬರ್ ಹೇಳಿ ಇಟ್ಟೆ. ಆಮೇಲೆ ನನ್ನ ಮೇಲಿನ ಸಿಟ್ಟನ್ನೆಲ್ಲ ಅವ್ವನ ಮೇಲೆ ಕಾರಿದೆ.

"ಸಾಲ ಮಾಡಿದಾಕಿ ನಾನು. ನನಗ ಹೇಳೂದು ಬಿಟ್ಟು ಇದೆಂಥಾ ಹುಚ್ಚು ನಿಂದು? ಸ್ಕೂಟಿ ಎಳಕೊಂಡು ಹೋಗ್ತಾರಂತ ಹೆದರಿದ್ಯಾ?"

ಅವ್ವ ಸೆರಗಿನಿಂದ ರೆಪ್ಪೆಯ ಹಿಟ್ಟು ಒರೆಸಿಕೊಂಡಳು. ಈಗ ಬಂದದ್ದು ಅವಳದೇ ಸಣ್ಣ ದನಿ.

"ಸ್ಕೂಟಿ ಹೋದ್ರ ಹೋಗ್ಲಿ. ನಿಮ್ಮಪ್ಪನ ಹೆಸರು ಹಿಡದು 'ಆರಾಮ ಅದೀರೇನ್ರಿ' ಅಂತ ಕೇಳಂವ ಅವನೊಬ್ಬನ ಉಳದಿದ್ದ. ಅವಂಗೂ ಹೇಳಿಬಿಟ್ಟಿ."