ಜೇಬಿನಲ್ಲಿದ್ದ ಶ್ರವಣಯಂತ್ರ

ಸಂತೆಕಟ್ಟೆಯಲ್ಲಿ ಹೆದ್ದಾರಿ ದಾಟುತ್ತಿದ್ದ ಬಟ್ಟೆ ಅಂಗಡಿಯ ಉಮ್ಮರ್ ಕಾಕನನ್ನು ಅಂಗಿ ಹಿಡಿದು ಹಿಂದಕ್ಕೆಳೆದೆ. ಹಾರನ್ ಹೊಡೆಯುತ್ತಲೇ ಬಂದ ಎಕ್ಸ್‌ಪ್ರೆಸ್ ಬಸ್ಸು ನಮ್ಮ ಮೂಗಿನ ಮುಂದೆಯೇ ಹಾದುಹೋಯಿತು. ಇಬ್ಬರೂ ಡಿವೈಡರಿನ ಮೇಲೆ ಕುಸಿದು ಕುಳಿತೆವು. ನಾನು ಬೈಯತೊಡಗಿದೆ.

"ನಿಲ್ಲು ಮಾರಾಯ, ಕೇಳುವುದಿಲ್ಲ" ಎಂದ ಕಾಕ, ಜೇಬಿನಿಂದ ಪುಟ್ಟ ಡಬ್ಬಿ ತೆಗೆದು ಶ್ರವಣಯಂತ್ರವನ್ನು ಕಿವಿಗೆ ಸಿಕ್ಕಿಸಿಕೊಂಡರು. "ಹಾಂ, ಈಗ ಬೈ."

"ಇದನ್ನು ಜೇಬಿನಲ್ಲಿಟ್ಟು ರಸ್ತೆ ದಾಟುವುದಾ?"

"ಕಿವಿಯೊಳಗಿನ ಸತ್ತ ಕೋಶ ಮತ್ತೆ ಬೆಳೆಸುವ ಮದ್ದು ಬರ್ತದೆ ಅಂತ ಪೇಪರ್ ಓದಿ ಹೇಳಿದ್ದು ನೀನೇ ಅಲ್ವಾ? ಮತ್ತೆ ಈ ಮಿಷನ್ ಅಭ್ಯಾಸ ಮಾಡಿಕೊಳ್ಳುವುದು ಎಂತಕ್ಕೆ?"

ಹೌದು, ಓದಿದ್ದು ನಾನೇ. ಅವರ ಮುಖ ಅರಳಿದ್ದನ್ನು ಕಂಡು ಸುದ್ದಿಯ ಕೊನೆಯ ಸಾಲನ್ನು ಓದದೆ ಬಿಟ್ಟಿದ್ದೆ. ಈಗ ಹೇಳಲೇಬೇಕಾಯಿತು.

"ಕಾಕ, ಆ ಮದ್ದಿನ ಪ್ರಯೋಗ ಇನ್ನೂ ಇಲಿಗಳ ಮೇಲೆ ನಡೀತಾ ಉಂಟು."

ಕಾಕ ರಸ್ತೆಯನ್ನೊಮ್ಮೆ ನೋಡಿದರು. "ಇಲಿಗೆ ಎಂತಕ್ಕೆ ಮಾರಾಯ? ಅದಕ್ಕೆ ಹೈವೇ ದಾಟಲಿಕ್ಕೆ ಉಂಟಾ?"

ಆ ಹಾರನ್ ಈಗಲೂ ನನ್ನ ಕಿವಿಯಲ್ಲಿ ಮೊಳಗುತ್ತದೆ. ಕಾಕನಿಗೆ ಇಂಥ ಸುದ್ದಿ ಓದುವಾಗ ಕೊನೆಯ ಸಾಲಿನಿಂದಲೇ ಶುರುಮಾಡುತ್ತೇನೆ. ಅದೂ ಅವರು ಯಂತ್ರ ಸಿಕ್ಕಿಸಿಕೊಂಡ ಮೇಲೆ.